ಮೂರು ವರ್ಷದ ಫೋಟೊಗಳಲ್ಲಿ ನನ್ನನ್ನು ನಾನೇ ಹುಡುಕಬೇಕಾಯ್ತು: ಪರದೇಶಕ್ಕೆ ಬಂದ ಮೇಲೆ ನಿಮ್ಮ ಉಡುಗೆ ಏನಾಯ್ತು?

ಜೋಳದಹೊಲ (ಎಡಿನ್‌ಬರೊ)

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಅಂತ ಎರಡು ವಾರ ತೂಗಿ ಈಗ ಬರೀತಿದ್ದೇನೆ.

ಊರು ಗದಗ ಜಿಲ್ಲೆ. ಸ್ಕಾಟ್‌ಲೆಂಡಿನ ಎಡಿನ್‌ಬರೊಗೆ ಬಂದು ಮೂರು ವರ್ಷವಾಯ್ತು. ಮೊನ್ನೆ ಫೋನಿನಲ್ಲಿ ಜಾಗ ಖಾಲಿ ಮಾಡೋಣ ಅಂತ ಹಳೇ ಫೋಟೊ ನೋಡ್ತಾ ಕೂತೆ. ಇಲ್ಲಿಗೆ ಬಂದಾಗಿನಿಂದ ಪ್ರತಿ ಫೋಟೊದಲ್ಲೂ ಅದೇ ಕರೀ ಪಫರ್ ಜಾಕೆಟ್, ಅದೇ ಬೂದು ಟೊಪ್ಪಿಗೆ, ಕರೀ ಪ್ಯಾಂಟು. ಆಫೀಸಿನ ಗುಂಪು ಫೋಟೊ ಒಂದರಲ್ಲಿ ನಾನೆಲ್ಲಿದ್ದೇನೆ ಅಂತ ಹಿಗ್ಗಿಸಿ ಹುಡುಕಿದೆ. ಸಿಕ್ಕ ಮೇಲೆ ಅಳು ಬಂತು.

ಯಾಕಂದ್ರೆ ಧಾರವಾಡದಲ್ಲಿ ಕಾಲೇಜಿನಲ್ಲಿ ಪಾಠ ಮಾಡ್ತಿದ್ದಾಗ ನನ್ನನ್ನು ಹುಡುಗರು ಗುರುತಿಸ್ತಿದ್ದದ್ದೇ ಬಟ್ಟೆಯಿಂದ. ಗುಳೇದಗುಡ್ಡದ ಖಣದ ಕುಪ್ಪಸ, ಇಳಕಲ್ ಸೀರೆ, ಕೊರಳಿಗೆ ಕರೀದಾರದ ಒಂದು ಸರ. ದುಡ್ಡು ಹೆಚ್ಚಿರಲಿಲ್ಲ, ಇದ್ದದ್ದು ಏಳೆಂಟು ಸೀರೆ. ಆದರೆ ಬೆಳಿಗ್ಗೆ ಕಪಾಟಿನ ಮುಂದೆ ನಿಲ್ಲೋ ಆ ಐದು ನಿಮಿಷ ನನ್ನದಾಗಿತ್ತು. ಕೆಂಪು ದಡಿಗೆ ಹಸಿರು ಕುಪ್ಪಸವೋ ಹಳದಿಯೋ ಅನ್ನೋದು ಆ ದಿನದ ಮೊದಲ ತೀರ್ಮಾನ.

ಇಲ್ಲಿ ಆ ತೀರ್ಮಾನ ಯಾವಾಗ ಬಿಟ್ಟುಹೋಯ್ತೋ ಗೊತ್ತಾಗಲಿಲ್ಲ. ಯಾರೂ ಏನೂ ಅಂದಿಲ್ಲ, ಇದನ್ನ ಸ್ಪಷ್ಟವಾಗಿ ಹೇಳಬೇಕು. ವಿಮಾನದಲ್ಲಿ 23 ಕಿಲೋ ಲೆಕ್ಕಕ್ಕೆ ಎರಡೇ ಸೀರೆ ತಂದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆ ಸೂರ್ಯ ಮುಳುಗ್ತಾನೆ. ಬಸ್ಸಿನಲ್ಲಿ ಎಲ್ಲರೂ ಕಪ್ಪು, ಬೂದು, ಗಾಢ ನೀಲಿ. ಆ ಸಾಲಿನಲ್ಲಿ ಕೂತು ಕೂತು ನಾನೂ ಅದೇ ಬಣ್ಣಕ್ಕಿಳಿದೆ.

ಹೋದ ವಾರ ಸ್ಟಾಕ್‌ಬ್ರಿಜ್ ಕಡೆಯ ಒಂದು ಚಾರಿಟಿ ಅಂಗಡಿಯಲ್ಲಿ ಹಳೇ ಹ್ಯಾರಿಸ್ ಟ್ವೀಡ್ ಕೋಟು ಸಿಕ್ಕಿತು. ಕಂದು ಬಣ್ಣ, ಹತ್ತಿರದಿಂದ ನೋಡಿದರೆ ಒಳಗೆ ಇಟ್ಟಿಗೆ ಕೆಂಪು, ಪಾಚಿ ಹಸಿರು ಎಳೆಗಳು. ಒಳಗಿನ ಪಟ್ಟಿಯಲ್ಲಿ ಗೋಳದ ಮೇಲೆ ಶಿಲುಬೆಯ ಗುರುತು. ಮನೆಗೆ ಬಂದು ಓದಿದೆ: ಔಟರ್ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಯಲ್ಲೇ ಕೈಯಿಂದ ನೇಯ್ದ ಉಣ್ಣೆಗೆ ಮಾತ್ರ ಆ ಹೆಸರು ಸಲ್ಲಬೇಕು ಅಂತ 1993ರಲ್ಲಿ ಇಲ್ಲಿಯ ಪಾರ್ಲಿಮೆಂಟು ಕಾನೂನನ್ನೇ ಮಾಡಿದೆ. ಇಳಕಲ್‌ನಲ್ಲಿ ಮನೆಯೊಳಗೆ, ನೆಲದ ಗುಂಡಿಗೆ ಕಾಲಿಳಿಬಿಟ್ಟು ನೇಯುತ್ತಿದ್ದ ನಮ್ಮ ದೊಡ್ಡವ್ವನ ನೆನಪಾಯ್ತು. ಅಲ್ಲೀತನಕ ಈ ದೇಶ ನನಗೆ ಬರೀ ಚಳಿ, ಬಾಡಿಗೆ ಮತ್ತು ವೀಸಾ ಆಗಿತ್ತು. ಆ ಕೋಟು ತೊಟ್ಟ ಮೇಲೆ ಮೊದಲ ಸಲ ಇಲ್ಲಿಯವರ ಬದುಕಿನ ಒಂದು ಎಳೆ ಕೈಗೆ ಸಿಕ್ಕಂತಾಯ್ತು.

ನಿಮ್ಮನ್ನು ಕೇಳಬೇಕಾದದ್ದು ಇದು. ಹೊರಗೆ ಬಂದ ಮೇಲೆ ನೀವು ಬದಲಾದದ್ದು ನಿಮ್ಮ ಮನಸ್ಸಿನಿಂದಲೋ, ಗೊತ್ತಿಲ್ಲದೇ ಸವೆದುಹೋದದ್ದೋ? ಮತ್ತೆ ನಿಮ್ಮದು ಅನ್ನಿಸೋ ಹಾಗೆ ಹೇಗೆ ಮಾಡ್ಕೊಂಡ್ರಿ?


ಮೂರುಪದರ (ಕ್ಯಾಲ್ಗರಿ, ಕೆನಡಾ)

ಮೊದಲು ಮೈ ಬೆಚ್ಚಗಿರಲಿ, ಆಮೇಲೆ ಉಳಿದದ್ದು. ಇಲ್ಲಿ ಮೈನಸ್ ಮೂವತ್ತಕ್ಕೆ ಹೋಗುತ್ತೆ, ಅದಕ್ಕೇ ಹೇಳ್ತಿದ್ದೇನೆ. ಮೈಗೆ ತಾಗೋದು ಉಣ್ಣೆ ಇರಬೇಕು, ಮೆರಿನೋ ಆದರೆ ತುರಿಸಲ್ಲ. ಅದರ ಮೇಲೆ ಗಾಳಿ ಹಿಡಿದಿಡೋ ದಪ್ಪ ಪದರ. ಎಲ್ಲಕ್ಕಿಂತ ಹೊರಗೆ ಗಾಳಿ, ಮಳೆ ತಡೆಯೋದು. ಹತ್ತಿ ಬಟ್ಟೆ ಒದ್ದೆಯಾದರೆ ಮೈಶಾಖವನ್ನ ಎಳೆದುಬಿಡುತ್ತೆ. ಹಾಗಾಗಿ ಒಳಗೆ ಹತ್ತಿ ಬೇಡವೇ ಬೇಡ.

ಇಷ್ಟು ಮಾಡಿಕೊಂಡರೆ ಮೇಲೆ ಏನು ಬೇಕಾದರೂ ತೊಡಬಹುದು. ನಾನು ಹತ್ತು ವರ್ಷ ಒಂದೇ ದಪ್ಪ ಜಾಕೆಟ್ಟಿನಲ್ಲಿ ಕಳೆದೆ, ಒಳಗೆ ಸರಿಯಾದ್ದು ಇಲ್ಲದ್ದಕ್ಕೆ. ಒಳಪದರ ಸರಿಯಾದ ಮೇಲೆ ಜುಬ್ಬಾ ಹಾಕಿಕೊಂಡು ಓಡಾಡ್ತೀನಿ. ನೀವು ಕಪ್ಪಿಗೆ ಇಳಿದದ್ದು ಮನಸ್ಸಿನ ಸೋಲು ಅಂತ ಅನ್ಕೋಬೇಡಿ. ಅರ್ಧ ಭಾಗ ಬರೀ ಚಳಿ.


ಎಫ್‌ಎನ್‌ಯು (ಟೆಕ್ಸಸ್)

ಬಟ್ಟೆಗೂ ಮೊದಲು ನನಗೆ ಹೆಸರೇ ಹೋಯ್ತು, ಅದನ್ನ ಹೇಳ್ತೀನಿ. ನಮ್ಮದು ಹಾಸನದ ಕಡೆ. ಹೆಸರಿನ ಹಿಂದೆ ಎರಡು ಇನಿಷಿಯಲ್ಲು, ಒಂದು ಊರಿಂದು, ಒಂದು ಅಪ್ಪಂದು. ಮನೆತನದ ಹೆಸರು ಅನ್ನೋದು ನಮ್ಮಲ್ಲಿ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗ ಖಾಲಿ ಬಿಟ್ಟೆವು. ಅಮೆರಿಕದ ವೀಸಾ ಬಂದಾಗ ನನ್ನ ಹೆಸರೆಲ್ಲ ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಮೂರಕ್ಷರ. ಫಸ್ಟ್ ನೇಮ್ ಅನ್‌ನೋನ್. ಮೊದಲ ಹೆಸರು ಗೊತ್ತಿಲ್ಲ.

ಆ ಮೂರಕ್ಷರ ಲೈಸೆನ್ಸಿಗೆ ಬಂತು, ಬ್ಯಾಂಕಿಗೆ ಬಂತು, ವಿಮೆಗೆ ಬಂತು. ಡಾಕ್ಟರ ಹತ್ತಿರ ಕಾಯ್ತಾ ಕೂತಾಗ ನರ್ಸ್ ಹೊರಗೆ ಬಂದು 'ಫನೂ' ಅಂತ ಕೂಗೋಳು. ಎದ್ದು ನಿಲ್ತಿದ್ದೆ. 2001ರಿಂದ ಹದಿಮೂರು ವರ್ಷ ಎದ್ದು ನಿಂತಿದ್ದೇನೆ.

ಪೌರತ್ವದ ಅರ್ಜಿಯಲ್ಲಿ ಹೆಸರು ಬದಲಿಸಿಕೊಳ್ಳೋಕೆ ಒಂದು ಜಾಗ ಇರುತ್ತೆ. ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡೋ ದಿನವೇ ಹೊಸ ಹೆಸರೂ ಸಿಗುತ್ತೆ. ಎಷ್ಟೋ ಜನ ಆಗ ಇಲ್ಲಿಯವರಿಗೆ ನಾಲಿಗೆಗೆ ಸಲೀಸಾಗೋ ಹೆಸರು ಇಟ್ಕೊಂಡರು, ಅವರ ಇಷ್ಟ, ತಪ್ಪಲ್ಲ. ನಾನು ಆ ಇನಿಷಿಯಲ್ಲಿನೊಳಗೆ ಮುಚ್ಚಿಕೊಂಡಿದ್ದ ಊರಿನ ಹೆಸರನ್ನ ಬಿಡಿಸಿ ಪೂರ್ತಿ ಬರೆದೆ. ನಲವತ್ತು ಮನೆಯ ಊರು. ಈಗ ಈ ದೇಶದ ಪಾಸ್‌ಪೋರ್ಟಿನಲ್ಲಿ ನಮ್ಮೂರಿದೆ. ಆ ಸಂಜೆ ಕನ್ನಡಿ ಮುಂದೆ ನಿಂತಾಗ ಅದೇ ಅಂಗಿ, ಅದೇ ಪ್ಯಾಂಟು, ಆದರೂ ಬೇರೆ ಮನುಷ್ಯನ ಹಾಗೆ ಕಂಡೆ. ತಂಗಿ, ನೀವು ಹುಡುಕ್ತಿರೋದು ಸೀರೆ ಮಾತ್ರ ಅಲ್ಲ ಅನ್ಸುತ್ತೆ.


ಕೈಬಳೆ (ಲೆಸ್ಟರ್)

ನಾನು ನರ್ಸ್. ಊರು ಬೆಳ್ತಂಗಡಿ ಹತ್ತಿರ. ನಮಗೆ ಡ್ಯೂಟಿಯಲ್ಲಿ ಆಯ್ಕೆಯೇ ಇಲ್ಲ ಮಾರಾಯ್ರೆ. ಇಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮೊಣಕೈ ಕೆಳಗೆ ಏನೂ ಇರಬಾರದು ಅಂತ ನಿಯಮ ಉಂಟು. ವಾಚು ಇಲ್ಲ, ಬಳೆ ಇಲ್ಲ, ತೋಳು ಗಿಡ್ಡ. ಏನೂ ಕೆತ್ತನೆ ಇಲ್ಲದ ಒಂದು ಉಂಗುರ ಮಾತ್ರ ಆಗ್ತದೆ. ಸೋಂಕು ಹರಡಬಾರದು ಅಂತ ಮಾಡಿದ್ದು, ಸರಿಯಾಗಿಯೇ ಉಂಟು. ಕೈ ತೊಳೆಯುವಾಗ ಮಣಿಕಟ್ಟಿನವರೆಗೆ ಸೋಪು ಹೋಗಬೇಕಲ್ಲ.

ಆದರೆ ಅಮ್ಮನಿಗೆ ಅದನ್ನು ಹೇಳುವುದು ಹೇಗೆ? ಮದುವೆಯಾಗಿ ಆರು ತಿಂಗಳಿಗೆ ಬಂದವಳು ನಾನು. ವಿಡಿಯೊ ಕಾಲ್‌ನಲ್ಲಿ ಬೋಳು ಕೈ ನೋಡಿ ಅವರು ಎಂತದೂ ಹೇಳ್ಲಿಲ್ಲ, ಮಾತು ನಿಲ್ಲಿಸಿದರು. ಬೋಳು ಕೈ ಅಂದ್ರೆ ನಮ್ಮಲ್ಲಿ ಏನರ್ಥ ಅಂತ ನಿಮಗೆಲ್ಲ ಗೊತ್ತುಂಟು. ಮರುದಿನದಿಂದ ನಾನು ಫೋನನ್ನು ಮುಖಕ್ಕೆ ಮಾತ್ರ ಹಿಡಿದೆ. ಎರಡು ವರ್ಷ ಅಮ್ಮನಿಗೆ ನನ್ನ ಕೈ ತೋರಿಸಲಿಲ್ಲ.

ಆಮೇಲೆ ಒಂದು ರಜೆಯಲ್ಲಿ ಬೆಲ್‌ಗ್ರೇವ್ ರೋಡಿಗೆ ಹೋದೆ. ಗುಜರಾತಿಗಳ ಅಂಗಡಿಗಳೇ ತುಂಬಿದ ರಸ್ತೆ ಅದು. ಎರಡು ಡಜನ್ ಗಾಜಿನ ಬಳೆ ತೆಗೊಂಡೆ, ಹಸಿರು. ಈಗ ನನ್ನ ಪದ್ಧತಿ ಹೀಗೆ: ಡ್ಯೂಟಿ ಮುಗಿಸಿ ಬಂದು ಸ್ನಾನ ಮಾಡಿ ಮೊದಲು ಬಳೆ ಹಾಕುವುದು, ಮತ್ತೆ ಚಹಾ. ಕೆಳಗಿನ ಮನೆಯ ಮುದುಕಿಗೆ ಆ ಸದ್ದು ಕೇಳಿದರೆ ನಾನು ಬಂದೆ ಅಂತ ಗೊತ್ತಾಗ್ತದೆ. ಊರಲ್ಲಿ ಬಳೆ ಯಾವಾಗಲೂ ಕೈಯಲ್ಲಿ ಇರ್ತಿತ್ತು, ಇದೆ ಅಂತಲೇ ನೆನಪಿರ್ತಿರಲಿಲ್ಲ. ಈಗ ದಿನಾ ಕೈಯಾರೆ ಹಾಕ್ತೇನೆ.


ಕ್ರೀಕಿನಾಚೆ (ದುಬೈ)

ಭಟ್ಕಳದವನು, ಇಪ್ಪತ್ತೆರಡು ವರ್ಷದಿಂದ ಇಲ್ಲಿ. ನಿಮ್ಮೆಲ್ಲರ ಮಾತು ಓದಿ ಒಂದು ವಿಷಯ ಹೊಳೀತು. ನಮಗೆ ಇಲ್ಲಿ ಬೇರೆಯವರಾಗಬೇಕು ಅಂತ ಯಾರೂ ಕೇಳಲಿಲ್ಲ. ವೀಸಾ ಕೆಲಸಕ್ಕೆ ಕಟ್ಟಿದ್ದು, ಕೆಲಸ ಮುಗಿದರೆ ಊರು. ಅದಕ್ಕೇ ನಾವು ಇಲ್ಲಿಗೋಸ್ಕರ ಬಟ್ಟೆ ತೆಗೆಯಲೇ ಇಲ್ಲ. ಬರ್ ದುಬೈಯ ಮೀನಾ ಬಜಾರಿನಲ್ಲಿ ಒಳ್ಳೆ ಬಟ್ಟೆ ಹೊಲಿಸಿದರೂ ಅದು ಊರಿನ ಮದುವೆಗೆ, ಸೂಟ್‌ಕೇಸಿಗೆ. ಹೊಸ ಅಂಗಿಯನ್ನು ಇಲ್ಲಿಯ ಕನ್ನಡಿಯಲ್ಲಿ ನೋಡಿಕೊಂಡದ್ದು ಕಡಿಮೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಇವತ್ತು ಒಂದನ್ನು ಪ್ಯಾಕಿನಿಂದ ಬಿಚ್ಚಿ ಶುಕ್ರವಾರದ ನಮಾಜಿಗೆ ಹಾಕಿಕೊಂಡು ಹೋದೆ.


ಹಳೇಜರ್ಸಿ (ನ್ಯೂ ಜರ್ಸಿ)

ಮಗಳೇ, ನಾನು ಮೈಸೂರಿನವಳು. 1976ರಲ್ಲಿ ಯಜಮಾನರ ಜೊತೆ ಬಂದೆ. ಸೀರೆ ಮೇಲೆ ಉದ್ದ ಕೋಟು ಹಾಕಿಕೊಂಡು ಹಿಮದಲ್ಲಿ ನಡೆದು ತರಕಾರಿ ತರ್ತಿದ್ದೆ. ಅಂಚು ಒದ್ದೆಯಾಗಿ ಮನೆಗೆ ಬರೋ ಹೊತ್ತಿಗೆ ಗಟ್ಟಿಯಾಗಿರ್ತಿತ್ತು. ಎರಡನೇ ಚಳಿಗಾಲಕ್ಕೆ ಪ್ಯಾಂಟು ಹೊಲಿಸಿಕೊಂಡೆ. ಅದಕ್ಕೆ ನನಗೇನೂ ಬೇಜಾರಿಲ್ಲ. ಜಡೆ ಕತ್ತರಿಸಿಕೊಂಡೆ, ಅದಕ್ಕೂ ಇಲ್ಲ. ತಲೆ ಹಗುರವಾಗಿತ್ತು, ಖುಷಿಯಾಗಿತ್ತು.

ಬೊಟ್ಟಿನ ವಿಷಯ ಬೇರೆ. 1987ರಲ್ಲಿ ಜರ್ಸಿ ಸಿಟಿಯಲ್ಲಿ 'ಡಾಟ್‌ಬಸ್ಟರ್ಸ್' ಅಂತ ಒಂದು ಗುಂಪು ಹುಟ್ಟಿಕೊಂಡಿತು. ಡಾಟ್ ಅಂದರೆ ನಮ್ಮ ಬೊಟ್ಟು. ಭಾರತೀಯರನ್ನು ಊರು ಬಿಡಿಸೋಕೆ ಏನು ಮಾಡೋಕೂ ಹಿಂಜರಿಯೋದಿಲ್ಲ ಅಂತ ಪತ್ರಿಕೆಗೇ ಕಾಗದ ಬರೆದಿದ್ದರು. ಆ ವರ್ಷ ಸೆಪ್ಟೆಂಬರಿನಲ್ಲಿ ಪಕ್ಕದ ಹೊಬೋಕನ್ನಿನಲ್ಲಿ ನಮ್ಮ ದೇಶದ ಒಬ್ಬ ಯುವಕನನ್ನು ಹೊಡೆದು ಕೊಂದರು. ನಾವಿದ್ದದ್ದು ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಒಂದು ಬೆಳಿಗ್ಗೆ ಮಗನನ್ನು ಸ್ಕೂಲಿಗೆ ಬಿಡೋಕೆ ಹೊರಟವಳು ಬಾಗಿಲಲ್ಲೇ ನಿಂತು ಸೆರಗಿನಿಂದ ಹಣೆ ಒರೆಸಿಕೊಂಡೆ. ಮಗ ನೋಡ್ತಿದ್ದ. ಅವನಿಗೆ ಏಳು ವರ್ಷ.

ಪ್ಯಾಂಟು ಹಾಕಿದ್ದನ್ನೂ ಬೊಟ್ಟು ಒರೆಸಿದ್ದನ್ನೂ ನಮ್ಮವರು 'ಬದಲಾದಳು' ಅನ್ನೋ ಒಂದೇ ಮಾತಿನಲ್ಲಿ ಹೇಳಿಬಿಡ್ತಾರೆ. ನನ್ನ ಒಳಗೆ ಅವೆರಡೂ ಬೇರೆ ಬೇರೆ ಕಡೆ ಕೂತಿವೆ. ಒಂದನ್ನ ನಾನು ಬೇಡವೆಂದು ಬಿಟ್ಟೆ, ಇನ್ನೊಂದನ್ನ ಹೆದರಿ ಬಿಟ್ಟೆ. ಹೆದರಿ ಬಿಟ್ಟದ್ದನ್ನ ಮತ್ತೆ ಇಟ್ಟುಕೊಳ್ಳೋಕೆ ಹನ್ನೊಂದು ವರ್ಷ ಬೇಕಾಯ್ತು. ಎಡಿಸನ್ನಿನ ಓಕ್ ಟ್ರೀ ರೋಡಿನಲ್ಲಿ ಸಾಲಾಗಿ ನಮ್ಮವರ ಅಂಗಡಿಗಳು ಬಂದ ಮೇಲೆ, ಅಲ್ಲಿಗೆ ಹೋಗುವಾಗ ಮಾತ್ರ ಇಡ್ತಿದ್ದೆ. ಕಾರಿನಲ್ಲಿ ಇಟ್ಟುಕೊಂಡು, ವಾಪಸ್ ಬರುವಾಗ ತೆಗೀತಿದ್ದೆ. ಒಂದು ದಿನ ತೆಗೆಯೋದು ಮರೆತೆ. ಹಾಗೇ ಬ್ಯಾಂಕಿಗೆ ಹೋದೆ, ಏನೂ ಆಗಲಿಲ್ಲ. ಈಗ ಮೊಮ್ಮಗಳು ಜೀನ್ಸ್ ಮೇಲೆ ಕರೀ ಬೊಟ್ಟು ಇಟ್ಕೊಂಡು ಕಾಲೇಜಿಗೆ ಹೋಗ್ತಾಳೆ. ಅವಳಿಗೆ ಇದನ್ನೆಲ್ಲ ಹೇಳಿದ್ದು ಹೋದ ವರ್ಷ.

ನೀನು ಕೂತು ಲೆಕ್ಕ ಹಾಕು ಮಗಳೇ. ಬಿಟ್ಟದ್ದರಲ್ಲಿ ಯಾವುದು ಬೇಡವಾಗಿ, ಯಾವುದು ಹೆದರಿ, ಯಾವುದು ಬರೀ ದಣಿದು.


ಜೋಳದಹೊಲ (ಎಡಿನ್‌ಬರೊ)

ಅಮ್ಮಾ, ನಿಮ್ಮದನ್ನ ಎರಡು ಸಲ ಓದಿದೆ. ನನ್ನದು ದಣಿದು ಬಿಟ್ಟದ್ದು, ಸ್ವಲ್ಪ ಹೆದರಿಕೆಯೂ ಸೇರಿದೆ. ಯಾರಾದರೂ ಹೊಡೀತಾರೆ ಅಂತಲ್ಲ, ಯಾರಾದರೂ ಕೇಳ್ತಾರೆ ಅಂತ. 'ಇವತ್ತೇನು ಹಬ್ಬ?' ಅಂತ ಪ್ರತಿ ಸಲ ಉತ್ತರ ಕೊಡೋ ಶಕ್ತಿ ಬೆಳಿಗ್ಗೆ ಎಂಟಕ್ಕೆ ಇರ್ತಿರಲಿಲ್ಲ.

ಇಲ್ಲಿಯ ಗಂಡಸರು ಮದುವೆಗೆ ನಿರಿಗೆಯ ಲಂಗದಂಥ ಕಿಲ್ಟ್ ಉಟ್ಟು ಬಸ್ಸಿನಲ್ಲಿ ನಿಲ್ತಾರೆ, ಅವರನ್ನ ಯಾರೂ ಕೇಳೋದಿಲ್ಲ. ಸಹೋದ್ಯೋಗಿಯೊಬ್ಬರ ಹತ್ತಿರ ಇದನ್ನ ಹೇಳಿದಾಗ ಅವರು ಅದರ ಚರಿತ್ರೆ ಹೇಳಿದರು. ಕಲ್ಲೋಡನ್ ಯುದ್ಧದಲ್ಲಿ ಹೈಲ್ಯಾಂಡರುಗಳ, ಅಂದರೆ ಇಲ್ಲಿಯ ಬೆಟ್ಟಸೀಮೆಯವರ ಸೈನ್ಯ ಸೋತ ಮೇಲೆ, 1746ರಲ್ಲಿ ಆ ಉಡುಪನ್ನೇ ನಿಷೇಧಿಸಿ ಕಾನೂನು ಬಂತಂತೆ. ಉಟ್ಟರೆ ಜೈಲು. 1782ರವರೆಗೆ ಅದು ಇತ್ತು. ಆಮೇಲೆ 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಊರಿಗೆ ಊರೇ ಟಾರ್ಟನ್ ಅನ್ನೋ ಚೌಕಳಿ ಬಟ್ಟೆ ಉಡೋ ಹಾಗೆ ಮಾಡಿಸಿದ, ರಾಜನೂ ಕಿಲ್ಟ್ ಉಟ್ಟ. ಮೂವತ್ತಾರು ವರ್ಷ ಅಪರಾಧವಾಗಿದ್ದ ಬಟ್ಟೆ ಇವತ್ತು ಇಡೀ ದೇಶದ ಗುರುತು. ಅದನ್ನ ಕೇಳಿದ ಮೇಲೆ ಬಸ್ಸಿನಲ್ಲಿ ಆ ಗಂಡಸರನ್ನ ನೋಡೋ ನನ್ನ ಕಣ್ಣು ಬದಲಾಯ್ತು.


ಕಾಳೀತೀರ (ಸಿಡ್ನಿ)

ಕಾರವಾರದವಳಾಗಿ ಇದಕ್ಕೆ ಒಂದು ಸೇರಿಸಲೇಬೇಕು. ನಾವು ಹಳೇ ಕಾಲದ್ದು ಅಂದುಕೊಂಡ ಸೀರೆ ಉಡುವ ರೀತಿಯೂ ಹೀಗೇ ಕಟ್ಟಿದ್ದು. ಬ್ರಿಟಿಷರ ಕಾಲದ ಆಡಳಿತ ಸೇವೆ ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರು 1880ರ ದಶಕದಲ್ಲಿ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರರೂ ಬಂದು ಉಳಿದಿದ್ದರು, ಅದಕ್ಕೇ ನಮ್ಮ ಕಡಲತೀರಕ್ಕೆ ಆ ಹೆಸರು. ಸತ್ಯೇಂದ್ರರ ಹೆಂಡತಿ ಜ್ಞಾನದಾನಂದಿನಿ ದೇವಿ. ಬಂಗಾಳದ ಒಳಮನೆಯಲ್ಲಿ ಹೆಂಗಸರು ಒಂದೇ ಸೀರೆ ಸುತ್ತಿಕೊಳ್ಳುತ್ತಿದ್ದ ಕಾಲ ಅದು, ಹೊರಗೆ ಹೋಗಲು ತಕ್ಕ ಉಡುಪೇ ಇರಲಿಲ್ಲ. ಆಕೆ ಗಂಡನ ಜೊತೆ ಮುಂಬಯಿಗೆ ಬಂದಾಗ ಪಾರ್ಸಿ ಹೆಂಗಸರು ಉಡುವುದನ್ನು ನೋಡಿ, ತನಗೆ ಬೇಕಾದಂತೆ ಬದಲಿಸಿ, ರವಿಕೆ ಒಳಲಂಗ ಸೇರಿಸಿ ಕಲ್ಕತ್ತೆಯಲ್ಲಿ ಬೇರೆ ಹೆಂಗಸರಿಗೂ ಕಲಿಸಿದಳು. 1877ರಲ್ಲಿ ಗಂಡ ಜೊತೆಗಿಲ್ಲದೆ ಸಣ್ಣ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿ ಇಂಗ್ಲೆಂಡಿಗೂ ಹೋದಳು. ಇವತ್ತು ನಾವು ಉಡುವ ರೀತಿ ಹರಡಿದ್ದರಲ್ಲಿ ಆಕೆಯ ಪಾಲು ದೊಡ್ಡದು.

ಹೊರಗೆ ಹೋಗಬೇಕಾಗಿ ಬಂದ ಹೆಂಗಸೊಬ್ಬಳು ತನಗಾಗಿ ಮಾಡಿಕೊಂಡದ್ದು ನಮಗೆ ಬಂದಿದೆ. ನೀವು ಇಳಕಲ್ ಮೇಲೆ ಟ್ವೀಡ್ ತೊಟ್ಟರೆ ಅದನ್ನ ಕಲಬೆರಕೆ ಅಂತ ಯಾರಾದರೂ ಅಂದರೆ ಇದನ್ನ ಹೇಳಿ.


ನೀಲಿಕೋಟು (ಸ್ಟುಟ್‌ಗಾರ್ಟ್, ಜರ್ಮನಿ)

ಎಲ್ಲ ಓದಿದೆ. ನೀವೆಲ್ಲ ಏನೋ ಕಳಕೊಂಡ ಮಾತಾಡ್ತಿದ್ದೀರ, ನಿಮ್ಮ ನೋವು ನಿಜ. ನನ್ನದು ಬೇರೆ ತರಹ. ನನಗೆ ಇಲ್ಲಿಗೆ ಬಂದ ಮೇಲೆ ಸಿಕ್ಕಿತು.

ಕೋಲಾರ ಜಿಲ್ಲೆ, ಊರ ಹೊರಗಿನ ಕೇರಿ. ತಾತನ ಕಾಲದಲ್ಲಿ ಮೇಲ್ಕೇರಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿಯಬೇಕಿತ್ತು. ಅಪ್ಪ ಒಂದು ಸಲ ಹಬ್ಬಕ್ಕೆ ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟದ್ದಕ್ಕೆ ಗೌಡರ ಮನೆ ಜಗಲಿಯಿಂದ 'ಏನ್ಲಾ, ಯಾವ ಮದುವೆ?' ಅಂತ ಕೂಗಿದ್ದನ್ನ ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಅಪ್ಪ ನಗೋ ಹಾಗೆ ಮಾಡಿದರು. ಆಮೇಲೆ ಆ ಅಂಗಿ ತೊಡಲಿಲ್ಲ. 'ಇವತ್ತೇನು ಹಬ್ಬ' ಅನ್ನೋ ಪ್ರಶ್ನೆ ನಿಮಗೆ ಎಡಿನ್‌ಬರೊದಲ್ಲಿ ಭಾರವಾಯ್ತು ಅಂದಿರಿ. ನಮಗೆ ಅದು ಊರಲ್ಲೇ ಇತ್ತು.

ನಮ್ಮ ಮನೆಯಲ್ಲಿ ಗೋಡೆಗೆ ಇದ್ದದ್ದು ಒಂದೇ ಪಟ, ಅಂಬೇಡ್ಕರ್ ಅವರದ್ದು. ನೀಲಿ ಸೂಟು, ಟೈ, ಕೈಯಲ್ಲಿ ಪುಸ್ತಕ. 1913ರಲ್ಲಿ ಬರೋಡಾದ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು ಅವರು. ಅವರು ಸೂಟು ಯಾಕೆ ಹಾಕ್ತಿದ್ದರು ಅಂತ ನಮ್ಮ ಕೇರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ಆ ಬಿಳೀ ಅಂಗಿಯಿಂದಲೇ ಅರ್ಥವಾಗುತ್ತೆ.

ಇಲ್ಲಿಗೆ ಬಂದ ಮೊದಲ ತಿಂಗಳು ಹಳೇ ಬಟ್ಟೆ ಸಂತೆಯಲ್ಲಿ ಮೂವತ್ತು ಯೂರೊಗೆ ನೀಲಿ ಸೂಟು ಕೊಂಡೆ. ಟರ್ಕಿಯವರೊಬ್ಬರ ದರ್ಜಿ ಅಂಗಡಿಯಲ್ಲಿ ಮೈಗೆ ಸರಿ ಮಾಡಿಸಿದೆ, ಅದಕ್ಕೆ ಸೂಟಿಗಿಂತ ಹೆಚ್ಚು ಬಿತ್ತು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿರೋದು ಅಪ್ಪನ ಹೆಸರು. ಇಲ್ಲಿ ಕಚೇರಿ, ಬ್ಯಾಂಕು, ಮನೆ ಓನರು ಎಲ್ಲರೂ 'ಹೆರ್' ಅಂತ ಸೇರಿಸಿ ಆ ಹೆಸರಿನಿಂದಲೇ ಕರೀತಾರೆ, ನಮ್ಮ 'ಅವರೇ' ಇದ್ದ ಹಾಗೆ. ಇಡೀ ಜೀವಮಾನ 'ಲೇ' ಅನ್ನಿಸಿಕೊಂಡ ಮನುಷ್ಯನ ಹೆಸರಿಗೆ ದಿನಕ್ಕೆ ಹತ್ತು ಸಲ ಮರ್ಯಾದೆ ಸಿಗ್ತಿದೆ. ಎಫ್‌ಎನ್‌ಯು ಅಣ್ಣಾ, ನಿಮಗೆ ಹೆಸರು ಹೋದ ಅದೇ ಕಾಲಮ್ಮಿನಲ್ಲಿ ನನಗೆ ಅಪ್ಪ ಸಿಕ್ಕಿದರು. ಹಾಗೆ ಹೆರ್ ಸೇರಿಸಿ ಬಂದ ಒಂದು ಕಾಗದವನ್ನ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ, ಅದು ಕರೆಂಟ್ ಬಿಲ್ಲು. ಇನ್ನೊಂದು ಸಲ ಓದು ಅಂದರು.

ಇನ್ನೊಂದನ್ನೂ ಹೇಳಿಬಿಡ್ತೀನಿ. ಕನ್ನಡಿಗರ ಯುಗಾದಿ ಕೂಟಕ್ಕೆ ಅದೇ ಸೂಟಿನಲ್ಲಿ ಹೋದೆ. ಹತ್ತು ನಿಮಿಷದೊಳಗೆ 'ಯಾವ ಕಡೆಯವರು', 'ಮನೆದೇವರು ಯಾವುದು', 'ವೆಜ್ಜಾ' ಅಂತ ಮೂರು ಜನ ಕೇಳಿದರು. ಯಾಕೆ ಕೇಳ್ತಿದ್ದಾರೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ನಮ್ಮತನ ಉಳಿಸಿಕೊಳ್ಳೋಣ ಅನ್ನೋ ಮಾತು ಬಂದಾಗಲೆಲ್ಲ ದಯವಿಟ್ಟು ಆ ಮೂರು ಪ್ರಶ್ನೆಗಳನ್ನ ಊರಲ್ಲೇ ಬಿಟ್ಟು ಬನ್ನಿ.


ಕೈಬಳೆ (ಲೆಸ್ಟರ್)

ನೀಲಿಕೋಟು ಅವರೇ, ನಾನೂ ಆ ಪ್ರಶ್ನೆ ಕೇಳಿದವಳೇ. ಕೆಟ್ಟ ಮನಸ್ಸಿನಿಂದ ಅಲ್ಲ ಅಂತ ಅಂದುಕೊಂಡಿದ್ದೆ. ಇನ್ನು ಕೇಳುವುದಿಲ್ಲ.


ಹಳೇಜರ್ಸಿ (ನ್ಯೂ ಜರ್ಸಿ)

ಅಪ್ಪನಿಗೆ ನನ್ನ ನಮಸ್ಕಾರ ಹೇಳಪ್ಪ.


ಜೋಳದಹೊಲ (ಎಡಿನ್‌ಬರೊ)

ಮೂರು ವಾರದ ಮೇಲೆ ಬರೀತಿದ್ದೇನೆ. ನೀಲಿಕೋಟು ಅಣ್ಣಾ, ನಿಮ್ಮ ಮಾತು ಓದಿದ ಮೇಲೆ ಧಾರವಾಡದ ಆ ಕಪಾಟಿನ ಮುಂದೆ ನಿಂತ ನನ್ನನ್ನೂ ಬೇರೆ ತರಹ ನೋಡಬೇಕಾಯ್ತು. ಏನು ಉಟ್ಟರೂ ಯಾರೂ ಕೂಗದ ಮನೆಯಲ್ಲಿ ಹುಟ್ಟಿದ್ದೆ, ಅದಕ್ಕೇ ಅದು ಅಷ್ಟು ಸಲೀಸಾಗಿತ್ತು. ಇದನ್ನ ನಾನು ಮೊದಲು ಯೋಚಿಸಿರಲಿಲ್ಲ.

ಮತ್ತೆ ಸೀರೆ ಉಡೋಕೆ ಉಳಿದಿದ್ದ ಪ್ರಶ್ನೆ ಒಂದೇ, ಮಳೆಗೆ ಅಂಚು ಒದ್ದೆಯಾಗೋದು. ಅಜ್ಜಿಗೆ ಕೇಳಿದೆ. 'ಅದಕ್ಯಾಕ ಇಷ್ಟ ಚಿಂತಿ? ಕಚ್ಚಿ ಹಾಕು. ನಾವು ಎರಿ ಹೊಲದಾಗ ಕೆಸರು ತುಳಕೋತ ಹೋಗತಿದ್ದಿವಿ, ಸೀರಿ ನೆಲ ಮುಟ್ಟತಿರಲಿಲ್ಲ' ಅಂದಳು. ನನಗೆ ಹೊಳೆದೇ ಇರಲಿಲ್ಲ. ಕಚ್ಚೆ ಅಂದರೆ ಮುದುಕಿಯರದ್ದು ಅಂತ ನಾನೂ ಅವ್ವನೂ ಎಂದೋ ಪಕ್ಕಕ್ಕಿಟ್ಟಿದ್ದೆವು. ಆದರೆ ಆರು ಗಜದಲ್ಲಿ ಕಚ್ಚೆ ಸರಿಯಾಗಿ ಬರೋದಿಲ್ಲ. ಅವ್ವ ಅಜ್ಜಿಯ ಒಂಬತ್ತು ಗಜದ ಇಳಕಲ್ ಪಾರ್ಸೆಲ್ ಮಾಡಿದಳು, ಗಿರಿಕುಂಕುಮ ಬಣ್ಣ, ತೋಪು ತೆನಿ ವಿನ್ಯಾಸದ ಸೆರಗು. ಮಡಿಕೆ ಬಿಚ್ಚಿದಾಗ ಸೆರಗು ಒಡಲಿಗೆ ಸೇರೋ ಜಾಗದಲ್ಲಿ ಕೊಂಡಿ ಹಾಕಿ ಕೂಡಿಸಿದ ಎಳೆಗಳು ಬೆರಳಿಗೆ ತಾಗಿದವು.

ವಿಡಿಯೊದಲ್ಲಿ ಅಜ್ಜಿ ನಾಲ್ಕು ಸಲ ಹೇಳಿಕೊಟ್ಟಳು. ನಡುವಿನ ಗಂಟು ಎಲ್ಲಿ, ನಿರಿಗೆ ಎಷ್ಟು, ಹಿಂದಕ್ಕೆ ಎಳೆದು ಸಿಕ್ಕಿಸೋದು ಹೇಗೆ. ಕ್ಯಾಲ್ಗರಿಯವರು ಹೇಳಿದ ಹಾಗೆ ಒಳಗೆ ಮೆರಿನೋ ಹಾಕಿಕೊಂಡೆ. ಮೀನಖಂಡದವರೆಗೆ ಕಚ್ಚೆ, ಅದರ ಕೆಳಗೆ ಚರ್ಮದ ಬೂಟು, ಮೇಲೆ ಟ್ವೀಡ್ ಕೋಟು. ಮಂಗಳವಾರ ಹೀಗೆ ಆಫೀಸಿಗೆ ಹೋದೆ. ಹಬ್ಬ ಇರಲಿಲ್ಲ. ಸಣ್ಣಗೆ ಮಳೆ ಇತ್ತು. ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜ ಕೋಟಿನ ತೋಳು ಮುಟ್ಟಿ ನೋಡಿ, ಹ್ಯಾರಿಸ್ ಅಲ್ಲವಾ ಅಂತ ಕೇಳಿದರು. ಅವರ ತಾಯಿ ಆ ಹೆಬ್ರಿಡೀಸ್‌ನ ಲೂಯಿಸ್ ದ್ವೀಪದವರಂತೆ. ಸೀರೆಯನ್ನೂ ಕೈಯಿಂದಲೇ ನೇಯ್ದದ್ದಾ ಅಂತ ಕೇಳಿದರು. ಹೌದು ಅಂದೆ. ಬಸ್ಸು ಬರೋವರೆಗೆ ಅದರ ಬಗ್ಗೆಯೇ ಮಾತಾಡಿದೆವು.

ಜೊತೆಗಿರೋ ಗೆಳತಿ ತೆಗೆದ ಫೋಟೊ ಅಜ್ಜಿಗೆ ಕಳಿಸಿದೆ. ಅವ್ವ ತೋರಿಸಿದಳಂತೆ. ಧ್ವನಿಸಂದೇಶ ಬಂತು: 'ಛಲೋ ಕಾಣತೀ. ಬಲಗಡೆ ಕಚ್ಚಿ ಸಡಲಾಗೇದ, ನಾಳೆ ಇನ್ನಷ್ಟು ಜಗ್ಗಿ ಸಿಗಸು.'